ಟೈಮಿಂಗ್ ಬೆಲ್ಟ್ ಎಷ್ಟು ಟೈಟ್ ಇರಬೇಕು?

ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಮತ್ತು ಕ್ಯಾಮ್ (ವಾಲ್ವ್ ತೆರೆಯುವ ದಂಡ) ಒಂದಕ್ಕೊಂದು ಹೊಂದಿಕೊಂಡು ತಿರುಗುವ ಹಾಗೆ ಮಾಡುವ ಹಲ್ಲಿನ ಬೆಲ್ಟೇ ಟೈಮಿಂಗ್ ಬೆಲ್ಟ್. ಅದನ್ನು ಬದಲಿಸಲು ಹೊರಟವರೆಲ್ಲ ನನ್ನನ್ನು ಕೇಳುವುದು ಇದನ್ನೇ: "ಬೆಲ್ಟ್ ಎಷ್ಟು ಟೈಟ್ ಮಾಡಬೇಕು? ಬೆರಳಲ್ಲಿ ಒತ್ತಿದರೆ ಎಷ್ಟು ಒಳಗೆ ಹೋಗಬೇಕು?"

ಬೆರಳಿಗೆ ಆ ಕೆಲಸ ಕೊಡಬೇಡಿ, ಬೆಲ್ಟನ್ನು ಒತ್ತಿ ಬಿಗಿಯಾಗಿಡುವ ಟೆನ್ಷನರ್‌ನ ಸ್ಪ್ರಿಂಗ್‌ಗೆ ಬಿಡಿ ಅನ್ನುವುದೇ ನನ್ನ ಉತ್ತರ. ಇನ್ನೊಂದು ಮಾತು. ನಟ್ ಬಿಗಿದ ತಕ್ಷಣ ಟೆನ್ಷನ್ ಸೆಟ್ ಆಯಿತು ಅಂದುಕೊಳ್ಳಬಾರದು. ಎಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಮತ್ತೆ ನೋಡಿದ ಮೇಲೆಯೇ ಅದು ಗೊತ್ತಾಗುವುದು.

ಬೆಲ್ಟ್‌ನ ಉದ್ದನೆಯ ಭಾಗವನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿದರೆ 90 ಡಿಗ್ರಿ ತಿರುಗಬೇಕು ಅನ್ನುವ ಲೆಕ್ಕ ಹಲವು ಮೆಕ್ಯಾನಿಕ್‌ಗಳ ಬಾಯಲ್ಲಿ ಇದೆ. ಅದು ಸುಳ್ಳಲ್ಲ. ಆದರೆ ಅದು ಸ್ಪ್ರಿಂಗ್ ಇಲ್ಲದೆ ಬರೀ ಬೋಲ್ಟ್‌ನಲ್ಲಿ ಬಿಗಿಯುವ ಹಳೆ ಟೆನ್ಷನರ್‌ಗಳಿಗೆ ಹೊಂದುವ ಲೆಕ್ಕ. ಟೆನ್ಷನ್ ಸರಿ ಇದೆಯಾ ಎಂದು ತೋರಿಸುವ ಮುಳ್ಳು ಇರುವ ಟೆನ್ಷನರ್ ಮುಂದೆ ಇಟ್ಟುಕೊಂಡು ಈ ಲೆಕ್ಕ ಹಾಕಿದರೆ ಮುಳ್ಳು ಇದ್ದೂ ಪ್ರಯೋಜನವಿಲ್ಲ.

ಫೋಕ್ಸ್‌ವ್ಯಾಗನ್ ಪೋಲೋದ 1.6 ಟಿಡಿಐ ಡೀಸೆಲ್ ಎಂಜಿನ್ ತೆಗೆದುಕೊಳ್ಳಿ. ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ. ಇದರ ಒಂದೇ ಬೆಲ್ಟ್ ಕ್ಯಾಮ್, ಡೀಸೆಲ್ ಪಂಪ್, ವಾಟರ್ ಪಂಪ್ ಮೂರನ್ನೂ ತಿರುಗಿಸುತ್ತದೆ. ಕ್ರ್ಯಾಂಕ್ ಎಳೆಯುವ ಕಡೆ ಬೆಲ್ಟ್ ಬಿಗಿಯಾಗಿರುತ್ತದೆ, ವಾಪಸ್ ಬರುವ ಕಡೆ ಸಡಿಲ. ಟೆನ್ಷನರ್ ಇರುವುದು ಆ ಸಡಿಲ ಕಡೆ. ಆದ್ದರಿಂದ ಬೆಲ್ಟ್ ಹಾಕುವಾಗ ಸಡಿಲವೆಲ್ಲ ಟೆನ್ಷನರ್ ಕಡೆಗೇ ಬರಬೇಕು. ಎಳೆಯುವ ಕಡೆ ಒಂದು ಚೂರು ಉಳಿದರೂ ಆಮೇಲೆ ಅದು ಸರಿದು ಬಂದು ಟೈಮಿಂಗ್ ಬದಲಾಗುತ್ತದೆ. ಆಗ ಟೆನ್ಷನ್ ಕೂಡ ಕೆಡುತ್ತದೆ.

ಟೆನ್ಷನರ್ ಕೂರಿಸುವಾಗ ಅದರ ಹಿಂಬದಿಯ ಕೊಕ್ಕೆ ಎಂಜಿನ್ ಮೇಲಿನ ತೋಡಿನಲ್ಲಿ ಸರಿಯಾಗಿ ಕೂತಿದೆಯಾ ನೋಡಿ. ಕೂರದೆ ನಟ್ ಬಿಗಿದರೆ ಟೆನ್ಷನರ್ ಓರೆಯಾಗುತ್ತದೆ, ಬೆಲ್ಟ್ ಒಂದು ಅಂಚಿಗೆ ಸರಿದು ತೇಯುತ್ತದೆ. ನಂತರ ಕ್ಯಾಮ್ ಪುಲ್ಲಿಯ ಬೋಲ್ಟ್‌ಗಳು ಸಡಿಲ ಇರುವಾಗಲೇ, ಪುಲ್ಲಿ ತನ್ನ ಉದ್ದ ತೂತುಗಳಲ್ಲಿ ಸರಿದಾಡುವ ಹಾಗಿರುವಾಗಲೇ, ಎಲನ್ ಕೀಯಿಂದ ಟೆನ್ಷನರ್ ಅನ್ನು ಬಲಕ್ಕೆ ತಿರುಗಿಸಬೇಕು. ಮುಳ್ಳು ಹಿಂದಿನ ಪ್ಲೇಟ್‌ನ ಸಂದಿನ ನಟ್ಟನಡುವೆ ಬರಬೇಕು. ಅಲ್ಲೇ ಕೀ ಹಿಡಿದುಕೊಂಡು ನಟ್ಟನ್ನು 20 ನ್ಯೂಟನ್ ಮೀಟರ್‌ಗೆ ಬಿಗಿದು, ಮೇಲೆ ಇನ್ನೂ 45 ಡಿಗ್ರಿ ತಿರುಗಿಸಬೇಕು. ಕೀ ಬಿಟ್ಟು ಬಿಗಿದರೆ ನಟ್ ಜೊತೆಗೆ ಟೆನ್ಷನರ್ ಕೂಡ ತಿರುಗುತ್ತದೆ, ಮುಳ್ಳು ಜಾರುತ್ತದೆ. ಎಷ್ಟೋ ಕೆಲಸಗಳು ಕೆಡುವುದು ಈ ಒಂದು ಕ್ಷಣದಲ್ಲಿ. ತಿರುಗಿಸುವ ದಿಕ್ಕು ಎಲ್ಲಾ ಎಂಜಿನ್‌ಗೂ ಒಂದೇ ಅಲ್ಲ. ನಿಮ್ಮ ಎಂಜಿನ್‌ನ ಮ್ಯಾನ್ಯುಅಲ್ ನೋಡದೆ ಕೀ ಹಾಕಬೇಡಿ.

ಈಗ ಸಡಿಲ ಬಿಟ್ಟಿದ್ದ ಪುಲ್ಲಿಯ ಬೋಲ್ಟ್‌ಗಳನ್ನು ಬಿಗಿದು, ಬೆಲ್ಟ್ ಹಾಕುವಾಗ ಕ್ರ್ಯಾಂಕ್, ಕ್ಯಾಮ್ ಅಲುಗದ ಹಾಗೆ ಹಿಡಿದಿದ್ದ ಲಾಕ್ ಪಿನ್‌ಗಳನ್ನೆಲ್ಲ ತೆಗೆದು ಕ್ರ್ಯಾಂಕ್ ಅನ್ನು ಎಂಜಿನ್ ಓಡುವ ದಿಕ್ಕಿನಲ್ಲೇ ಸ್ಪ್ಯಾನರ್‌ನಲ್ಲಿ ನಿಧಾನವಾಗಿ ಎರಡು ಸುತ್ತು ತಿರುಗಿಸಿ. ಸ್ಟಾರ್ಟರ್ ಮುಟ್ಟಬೇಡಿ. ಎರಡೇ ಸುತ್ತು ಏಕೆ? ಕ್ರ್ಯಾಂಕ್ ಎರಡು ಸುತ್ತು ಹಾಕಿದಾಗ ಕ್ಯಾಮ್ ಒಂದು ಸುತ್ತು ಮುಗಿಸುತ್ತದೆ. ಪ್ರತಿ ವಾಲ್ವ್ ಒಂದು ಸಲ ತೆರೆದು ಮುಚ್ಚಿರುತ್ತದೆ. ಆ ಎಳೆತಕ್ಕೆ ಬೆಲ್ಟ್ ಹಲ್ಲುಗಳಲ್ಲಿ ಸರಿಯಾಗಿ ಕೂರುತ್ತದೆ, ಅಡಗಿದ್ದ ಸಡಿಲ ಹೊರಗೆ ಬರುತ್ತದೆ. ಆಮೇಲೆ ಲಾಕ್ ಪಿನ್ ಮತ್ತೆ ಸಲೀಸಾಗಿ ಕೂರುತ್ತದಾ, ಮುಳ್ಳು ನಡುವೆಯೇ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲಿಂದ ಮಾಡಿ. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ. ಪಿಸ್ಟನ್‌ಗೆ ವಾಲ್ವ್ ತಗುಲುತ್ತಿರಬಹುದು. ಕೈಯಲ್ಲಿ ತಿರುಗಿಸುವಾಗ ನಿಲ್ಲಿಸಲು ಆಗುತ್ತದೆ, ಸ್ಟಾರ್ಟರ್ ಹೊಡೆದರೆ ವಾಲ್ವ್ ಬಾಗಿಯೇ ಹೋಗುತ್ತದೆ.

ಮಾರುತಿ ಜಿಪ್ಸಿ ಕಿಂಗ್‌ನ 8 ವಾಲ್ವ್ ಜಿ13 ಪೆಟ್ರೋಲ್ ಎಂಜಿನ್‌ನಲ್ಲಿ ಮುಳ್ಳು ಇಲ್ಲ. ಅಲ್ಲಿರುವುದು ಒಂದು ಪ್ಲೇಟ್, ಒಂದು ಸ್ಪ್ರಿಂಗ್. ನನಗೆ ತುಂಬಾ ಇಷ್ಟವಾದ ವಿನ್ಯಾಸ ಇದು. ಆದರೆ ಒಂದು ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಟೆನ್ಷನ್ ಕೊಡುವ ಮೊದಲು ರಾಕರ್‌ಗಳ (ಕ್ಯಾಮ್‌ನ ಒತ್ತನ್ನು ವಾಲ್ವ್‌ಗೆ ದಾಟಿಸುವ ತೋಳುಗಳ) ಟ್ಯಾಪೆಟ್ ಸ್ಕ್ರೂಗಳನ್ನು ಪೂರ್ತಿ ಸಡಿಲಿಸಬೇಕು. ಇಲ್ಲದಿದ್ದರೆ ವಾಲ್ವ್ ಸ್ಪ್ರಿಂಗ್‌ಗಳು ಕ್ಯಾಮ್ ಅನ್ನು ಒಂದು ಕಡೆಗೆ ತಳ್ಳುತ್ತಿರುತ್ತವೆ. ಟೆನ್ಷನರ್‌ನ ಸಣ್ಣ ಸ್ಪ್ರಿಂಗ್ ಅವುಗಳ ಎದುರು ಸೋಲುತ್ತದೆ. ಸ್ಕ್ರೂ ಸಡಿಲಿಸಿ, ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ, ಮೊದಲು ಟೆನ್ಷನರ್‌ನ ಸ್ಟಡ್ ಅನ್ನು ಸುಮಾರು 11, ಆಮೇಲೆ ಬೋಲ್ಟ್ ಅನ್ನು ಸುಮಾರು 27 ನ್ಯೂಟನ್ ಮೀಟರ್‌ಗೆ ಬಿಗಿದರೆ ಆಯಿತು. ಟ್ಯಾಪೆಟ್ ಮತ್ತೆ ಸೆಟ್ ಮಾಡುವ ಕೆಲಸ ಹೆಚ್ಚುತ್ತದೆ, ನಿಜ. ಆದರೂ ಬಿಡಬಾರದು.

ಇದೆಲ್ಲ ಎಂಜಿನ್ ಪೂರ್ತಿ ತಣ್ಣಗಿರುವಾಗ. ಬಿಸಿಯಾದಾಗ ಬ್ಲಾಕ್, ಹೆಡ್ ಎರಡೂ ಹಿಗ್ಗಿ ಕ್ರ್ಯಾಂಕ್ ಮತ್ತು ಕ್ಯಾಮ್ ನಡುವಿನ ದೂರ ಹೆಚ್ಚುತ್ತದೆ. ಬೆಲ್ಟ್ ಒಳಗಿನ ಗಾಜಿನ ನಾರು ಅಷ್ಟು ಹಿಗ್ಗುವುದಿಲ್ಲ. ಬಿಸಿಯಲ್ಲಿ ಸರಿ ಕಂಡ ಬೆಲ್ಟ್ ಬೆಳಿಗ್ಗೆ ತಣ್ಣಗಾದಾಗ ಸಡಿಲವಾಗುತ್ತದೆ. ಗಾಡಿ ಸ್ಟಾರ್ಟ್ ಮಾಡುವಾಗಿನ ಜರ್ಕ್‌ಗೆ ಬೆಲ್ಟ್ ಪುಲ್ಲಿಯ ಹಲ್ಲು ಹಾರುವುದು ಹೀಗೆಯೇ.

"ಸಡಿಲ ಆಗಿ ಹಲ್ಲು ಹಾರುವುದಕ್ಕಿಂತ ಸ್ವಲ್ಪ ಜಾಸ್ತಿ ಟೈಟ್ ಇದ್ದರೆ ವಾಸಿ ಅಲ್ವಾ?" ಅಂತಲೂ ಕೇಳುತ್ತಾರೆ. ಅಲ್ಲ. ಟೈಟ್ ಬೆಲ್ಟ್ ವಾಟರ್ ಪಂಪ್ ಮತ್ತು ಟೆನ್ಷನರ್‌ನ ಬೇರಿಂಗ್‌ಗಳನ್ನು ತಿನ್ನುತ್ತದೆ. ಬೇರಿಂಗ್ ಹೋದರೆ ಬೆಲ್ಟೂ ಹೋಯಿತು. ಕೆಲಸ ಮುಗಿದ ಮೇಲೆ ಎಂಜಿನ್ ವೇಗ ಏರಿದ ಹಾಗೆ ಕುಂಯ್ ಅನ್ನುವ ಸದ್ದೂ ಏರಿದರೆ ಕವರ್ ಬಿಚ್ಚಿ ನೋಡಿ. "ಹೊಸ ಬೆಲ್ಟ್, ಸವೆದರೆ ಸರಿಹೋಗುತ್ತೆ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹಾಗೆಯೇ ಹಳೆ ಟೆನ್ಷನರ್ ಮೇಲೆ ಸುಮ್ನೆ ಹೊಸ ಬೆಲ್ಟ್ ಹಾಕಬೇಡಿ. ಬೆಲ್ಟ್, ಟೆನ್ಷನರ್, ಐಡ್ಲರ್ (ಬೆಲ್ಟ್‌ಗೆ ದಾರಿ ತೋರಿಸುವ ರೋಲರ್) ಒಟ್ಟಿಗೆ ಕಿಟ್ ಆಗಿಯೇ ಸಿಗುತ್ತವೆ. ಟೈಮಿಂಗ್ ಬೆಲ್ಟೇ ವಾಟರ್ ಪಂಪನ್ನು ತಿರುಗಿಸುವ ಎಂಜಿನ್ ಆಗಿದ್ದರೆ ಪಂಪನ್ನೂ ಅದೇ ದಿನ ಬದಲಿಸಿ.