‘ಸುಮ್ನೆ ಒಂದು ಚಿಕ್ಕದು ಹೇಳ್ರಿ’ ಅನ್ನುವವರಿಗೆ

ಹೋದ ವಾರ ದಾವಣಗೆರೆಯಲ್ಲಿ ಒಂದು ಗೃಹಪ್ರವೇಶ. ಎಲೆ ಮುಂದೆ ಕೂತಿದ್ದೆ. ಹೋಳಿಗೆಗೆ ಆಗಷ್ಟೇ ತುಪ್ಪ ಬಿದ್ದಿತ್ತು. ಪಕ್ಕದಲ್ಲಿದ್ದ ನಮ್ಮ ಷಡ್ಡಕರು ಬಗ್ಗಿ ಕೇಳಿದರು: "ಹೊಲದಾಗೆ ಕಾಟ ಜಾಸ್ತಿ ಆಗೇತಿ. ಪಾಯಿಂಟ್ ಟೂ ಟೂ ರೈಫಲ್ ಯಾವುದು ತಗಳ್ಳಲಿ? ಸುಮ್ನೆ ಒಂದು ಚಿಕ್ಕದು ಹೇಳ್ರಿ, ಸಾಕು."

ಬೈಟು ಕಾಫಿ ಹೇಳಿದ ಹಾಗೆ!

ನನ್ನ ಹತ್ತಿರ ಲೈಸೆನ್ಸ್ ಇರುವ .22 ರೈಫಲ್ (ನಳಿಗೆಯ ತೂತು ಸುಮಾರು 0.22 ಇಂಚಿನದು) ಇದೆ ಅಂತ ಗೊತ್ತಾದಾಗಿನಿಂದ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು, ಹೊಡೆಯೋದು ಯಾವುದನ್ನ? ಹಂದಿಯನ್ನೇ? ನವಿಲನ್ನೇ? ಮಂಗನನ್ನೇ? ಮೂರಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಬಿತ್ತಿದ ಶೇಂಗಾ ಬೀಜವನ್ನು ಕೆದಕಿ ತಿಂದರೂ ನವಿಲು ರಾಷ್ಟ್ರಪಕ್ಷಿಯೇ. ಮೊದಲು ಇಲಿ, ಕಾಗೆ, ಬಾವಲಿಗಳನ್ನು ‘ಪೀಡೆ’ ಅಂತ ಒಂದು ಪಟ್ಟಿಯಲ್ಲಿ ಇಟ್ಟಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಹಂದಿ ಬೆಳೆ ತಿಂದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಪರಿಹಾರ ಕೇಳಿ. ಪರಿಹಾರ ಎಷ್ಟು ಬರುತ್ತೆ, ಯಾವಾಗ ಬರುತ್ತೆ ಅಂತ ನನ್ನನ್ನು ಕೇಳಬೇಡಿ. ನನಗೂ ಮೆಕ್ಕೆಜೋಳದ ಹೊಲ ಇದೆ.

ಲೈಸೆನ್ಸಿನ ಮಾತಿಗೆ ಬಂದರೆ, 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ಒಮ್ಮೆ ಓದಿ. ಅಲ್ಲಿ ಬೆಳೆ ಕಾಯೋದಕ್ಕೆ ಅಂತ ಹೇಳಿರುವುದು ನಳಿಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನು. .22 ರೈಫಲ್ಲಿನ ಹೆಸರು ಬರುವುದು ರೈಫಲ್ ಕ್ಲಬ್ಬಿನವರು ಗುರಿ ಅಭ್ಯಾಸ ಮಾಡುವ ಸಂದರ್ಭದಲ್ಲಿ. ನೀವು ನೋಡುವ ವಿಡಿಯೊಗಳಲ್ಲಿ ಅಮೆರಿಕದ ರೈತ ಬಿಲದಿಂದ ಎದ್ದ ಪ್ರಾಣಿಗೆ ‘ಟಪ್’ ಅನ್ನಿಸುತ್ತಾನಲ್ಲ, ಅವನ ಹೊಲ ಬೇರೆ, ಕಾನೂನೂ ಬೇರೆ.

ನನ್ನದು ಚೆಕೊಸ್ಲೊವಾಕಿಯಾದಲ್ಲಿ ಮಾಡಿದ ಹಳೆಯ ಬ್ರನೊ. ಮಾವನಿಂದ ಬಂದದ್ದು, ಕಾಗದಪತ್ರ ಎಲ್ಲ ಸರಿ ಇದೆ. "ಎಷ್ಟಕ್ಕೆ ಕೊಡ್ತೀರಿ?" ಅಂತ ಕೇಳುವವರಿಗೂ ಕೊರತೆ ಇಲ್ಲ. 1980ರ ದಶಕದಿಂದ ಹೊರದೇಶದ ಬಂದೂಕು ಸುಲಭವಾಗಿ ತರಿಸುವ ಹಾಗಿಲ್ಲ. ಅದಕ್ಕೇ ಈ ಹಳೇ ಕಬ್ಬಿಣಕ್ಕೆ ಇಷ್ಟು ಬೆಲೆ. ಪ್ರತಿ ಎಲೆಕ್ಷನ್ನಿಗೂ ಠಾಣೆಗೆ ಒಯ್ದು ಇಟ್ಟು ಬರಬೇಕು. ಒಂದು ಸಲ ವಾಪಸ್ ಬಂದಾಗ ನಳಿಗೆಯ ಮೇಲೆ ಹೆಬ್ಬೆರಳಗಲ ತುಕ್ಕು ಹಿಡಿದಿತ್ತು. ಚಿಕ್ಕದು ಬೇಕು ಅನ್ನುವವರಿಗೆ ಇದನ್ನೆಲ್ಲ ಹೇಳಿದರೆ ಮಜ್ಜಿಗೆ ಕಡೆ ತಿರುಗುತ್ತಾರೆ.

ಈಗ ಆ ‘ಚಿಕ್ಕದು’ ಅನ್ನೋ ಮಾತಿಗೆ ಬರೋಣ. .22 ತೋಟಾದ (ಗುಂಡು, ಮದ್ದು ಎರಡೂ ಇರುವ ಕಾರ್ಟ್ರಿಡ್ಜ್) ಬುಡದಲ್ಲಿ ಸುತ್ತಲೂ ಒಂದು ಅಂಚು ಇರುತ್ತದೆ. ಕಿಡಿ ಹತ್ತಿಸುವ ಮದ್ದು ಆ ಅಂಚಿನ ಒಳಗೇ ಇರುವುದು. ರೈಫಲ್ಲಿನ ಒಳಗಿನ ಸೂಜಿ ಆ ಅಂಚಿಗೆ ಬಡಿದರೆ ಗುಂಡು ಹಾರುತ್ತದೆ. ಅಂಚು ಜಜ್ಜಿಹೋಗಬೇಕು, ಹಾಗಾಗಿ ಅಲ್ಲಿನ ತಗಡು ತೆಳ್ಳಗೇ ಇರಬೇಕು. ತಗಡು ತೆಳ್ಳಗಿದ್ದ ಮೇಲೆ ಮದ್ದು ಜಾಸ್ತಿ ತುಂಬುವ ಹಾಗಿಲ್ಲ. ಗುಂಡಿನ ತೂಕ ಎರಡೂವರೆ ಗ್ರಾಂಗಿಂತ ಚೂರು ಜಾಸ್ತಿ. ಐವತ್ತು ಮೀಟರಿಗೆ ಗುರಿ ಸರಿಮಾಡಿಟ್ಟರೆ, ನೂರು ಮೀಟರ್ ಮುಟ್ಟುವಷ್ಟರಲ್ಲಿ ಮುಕ್ಕಾಲು ಗೇಣು ಕೆಳಗಿಳಿದಿರುತ್ತದೆ. ಹಂದಿಯ ಭುಜದ ಮೇಲಿನ ಚರ್ಮ ಎಷ್ಟು ದಪ್ಪ ಗೊತ್ತಾ? ಗಾಯವಾದ ಹಂದಿ ಸಾಯೋದಿಲ್ಲ, ತಿರುಗಿ ನಿಮ್ಮ ಮೇಲೇ ಬರುತ್ತದೆ. ಇಷ್ಟೇ ಅದರ ಚಿಕ್ಕತನ.

ಇನ್ನೊಂದು ಕಡೆ ನೋಡಿ. ಅದೇ ಚಿಕ್ಕ ಗುಂಡು ಒಂದೂವರೆ ಮೈಲಿ, ಅಂದರೆ ಹೆಚ್ಚುಕಮ್ಮಿ 2.4 ಕಿಲೋಮೀಟರ್ ದೂರದವರೆಗೂ ಅಪಾಯ. ತೋಟಾ ಡಬ್ಬಿಯ ಮೇಲೇ ಹಾಗಂತ ಅಚ್ಚು ಹಾಕಿರುತ್ತಾರೆ. ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಹತ್ತಿರ ನಮ್ಮ ಹೊಲದ ಬದುವಿನ ಮೇಲೆ ನಿಂತು ನೋಡಿದರೆ, ಅಷ್ಟು ದೂರದಲ್ಲಿ ಎರಡು ಊರು, ಒಂದು ಶಾಲೆ, ಹೆದ್ದಾರಿ ಎಲ್ಲ ಬರುತ್ತವೆ.

ಒಬ್ಬರಾದರೂ "ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದ್ದರೆ ನಾನು ಊಟ ಬಿಟ್ಟು ಎದ್ದು ಉತ್ತರ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ನಾನೇ ಹೇಳುತ್ತೇನೆ.

ರೈಫಲ್ ಕೈಗೆ ಬಂದ ಹೊಸತು. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದ್ದೆ, ಫೈರಿಂಗ್‌ನಲ್ಲಿ ಒಳ್ಳೇ ಮಾರ್ಕ್ಸ್ ಬಂದಿತ್ತು, ಅದೇ ಕೊಬ್ಬು. ಬೆಳಗ್ಗೆ ಹೊಲದ ಬಂಡೆ ಮೇಲೆ ಎಣ್ಣೆ ಡಬ್ಬಿಯೊಂದನ್ನು ಇಟ್ಟು ಹೊಡೆದೆ. ರೇಂಜ್, ಅಂದರೆ ಗುರಿ ಅಭ್ಯಾಸಕ್ಕೆಂದೇ ಇರುವ ಜಾಗ, ಅಲ್ಲದ ಕಡೆ ಹಾಗೆ ಹೊಡೆಯೋದೇ ತಪ್ಪು, ಅದು ಗೊತ್ತಿದ್ದೂ ಹೊಡೆದೆ. ಡಬ್ಬಿ ಅಲ್ಲಾಡಲಿಲ್ಲ. ಬಂಡೆಯಿಂದ ಒಂದು ಹಿಡಿ ಬಿಳಿ ಪುಡಿ ಎದ್ದಿತು, ಆಮೇಲೆ ‘ಚುಂಯ್’ ಅಂತ ಎಳೆದ ಸದ್ದು. ಚಿತ್ರದುರ್ಗದ ಕಲ್ಲು ಸ್ವಾಮಿ, ಸೀಸದ ಗುಂಡನ್ನ ನುಂಗೋದಿಲ್ಲ, ವಾಪಸ್ ಎಸೆಯುತ್ತದೆ. ಯಾವ ಕಡೆಗೆ ಅಂತ ಅದಕ್ಕೂ ಗೊತ್ತಿರೋದಿಲ್ಲ.

ಐದು ನಿಮಿಷ ಆಗಿರಬೇಕು. ಬಂಡೆಯ ಆಚೆ ಕಡೆಯಿಂದ ಮೊದಲು ಕುರಿ ಬಂದವು. ಹಿಂದೆ ಹತ್ತು ಹನ್ನೊಂದು ವರ್ಷದ ಹುಡುಗ, ಹೆಗಲ ಮೇಲೆ ಕಂಬಳಿ. "ಅಣ್ಣಾ, ಈಗ ಏನೋ ಚುಂಯ್ ಅಂತ ತಲೆ ಮ್ಯಾಲೆ ಹೋತು, ಏನದು?" ಅಂದ.

"ದುಂಬಿ ಇರಬೇಕು ಕಣೋ" ಅಂದೆ. ರೈಫಲ್ಲನ್ನು ಆಗಲೇ ಜೋಳದ ಸಾಲಿನ ಒಳಗೆ ಮಲಗಿಸಿದ್ದೆ.

ಆವತ್ತಿನಿಂದ ಇವತ್ತಿನವರೆಗೆ ನನ್ನ ಬ್ರನೊ ರೇಂಜ್ ಬಿಟ್ಟು ಬೇರೆಲ್ಲೂ ಸದ್ದು ಮಾಡಿಲ್ಲ. ಕ್ಲಬ್ಬಿಗೆ ಸೇರಿ ಗುರಿ ಅಭ್ಯಾಸ ಮಾಡುವವರಿದ್ದರೆ ಕೇಳಿ, ಖುಷಿಯಿಂದ ಹೇಳುತ್ತೇನೆ. ಕಂಪನಿ ಹೆಸರು ಆಮೇಲೆ ನೋಡೋಣ. ಮೊದಲು ಬೋಲ್ಟ್ ಎಳೆಯುವ ರೈಫಲ್, ಅಂದರೆ ಪ್ರತಿ ಗುಂಡಿಗೂ ಹಿಡಿಯನ್ನು ಕೈಯಲ್ಲಿ ಎಳೆದು ತೋಟಾ ಏರಿಸುವಂಥದ್ದು ನೋಡಿ. ಭುಜಕ್ಕೆ ಕೂರುತ್ತಾ ನೋಡಿ. ಮೂರ್ನಾಲ್ಕು ಥರದ ತೋಟಾ ತಂದು ಹೊಡೆದು ನೋಡಿ. ಒಂದೊಂದು ನಳಿಗೆಗೆ ಒಂದೊಂದು ಒಗ್ಗುತ್ತದೆ, ದುಬಾರಿಯದೇ ಒಗ್ಗಬೇಕು ಅಂತೇನಿಲ್ಲ.

ಷಡ್ಡಕರಿಗೆ ಇಷ್ಟನ್ನೂ ಹೇಳಿದೆ. ಕುರಿ ಹುಡುಗನ ಕತೆ ಸಮೇತ. ಅನ್ನ ಸಾರು ಮುಗಿದು ಮಜ್ಜಿಗೆ ಬಂತು. ಅವರು ಪೂರ್ತಿ ಕೇಳಿಸಿಕೊಂಡು ತಲೆ ಆಡಿಸಿದರು.

"ಹಂಗಾದ್ರೆ ಪಾಯಿಂಟ್ ಒನ್ ಸೆವೆನ್ ಹೆಂಗ್ರಿ? ಅದು ಇನ್ನೂ ಚಿಕ್ಕದಂತೆ."