ಕಾರು ಓಡಿಸದೆ ಮಾನಿ ನೋಡಬಹುದಾ?

ಗ್ರೀಸ್‌ಗೆ ಹೊರಟವರು, ಅದರಲ್ಲೂ ಸ್ಯಾಂಟೊರಿನಿ ದ್ವೀಪದ ಜನಜಾತ್ರೆ ಬೇಡ ಎಂದುಕೊಂಡವರು, ಮಾನಿಯ ಹೆಸರು ಕೇಳಿದ ಕೂಡಲೇ ಕೇಳುವ ಪ್ರಶ್ನೆ ಇದೇ: "ಬಸ್ಸಲ್ಲೇ ಸುತ್ತೋಕಾಗತ್ತಾ, ಕಾರು ಬೇಕೇ ಬೇಕಾ?" ಅರ್ಧ ಮಾನಿಗೆ ಬಸ್ಸು ಸಾಕು, ಇನ್ನರ್ಧಕ್ಕೆ ಸಾಲದು. ಯಾವ ಅರ್ಧ ಎಂದು ತಿಳಿಯದೆ ರೂಮು ಬುಕ್ ಮಾಡಿಬಿಟ್ಟರೆ ಮೂರು ದಿನ ಒಂದೇ ಊರಿನ ಕಟ್ಟೆ ಮೇಲೆ ಕೂರಬೇಕಾಗುತ್ತದೆ.

ಗ್ರೀಸಿನ ದಕ್ಷಿಣದ ಪರ್ಯಾಯದ್ವೀಪ ಪೆಲೊಪೊನೀಸ್. ಅದು ದಕ್ಷಿಣಕ್ಕೆ ಚಾಚಿದ ಮೂರು ಬೆರಳುಗಳಲ್ಲಿ ನಡುವಿನದು ಮಾನಿ. ಟೈಗೆಟೊಸ್ ಬೆಟ್ಟಸಾಲು ಮಾನಿಯ ಬೆನ್ನೆಲುಬು. ಆ ಸಾಲಿನ ನೆತ್ತಿ, ಪ್ರೊಫಿಟಿಸ್ ಇಲಿಯಾಸ್, 2,400 ಮೀಟರ್ ದಾಟುತ್ತದೆ. ಬೆಟ್ಟ ನೇರ ಸಮುದ್ರಕ್ಕೇ ಇಳಿಯುವುದರಿಂದ ದೊಡ್ಡ ಹೋಟೆಲು ಕಟ್ಟುವಷ್ಟು ಸಪಾಟು ಜಾಗ ಸಿಗುವುದು ಅಪರೂಪ. ಉತ್ತರದ ಭಾಗ ಹೊರ ಮಾನಿ: ಆಲಿವ್ ತೋಪು, ಸೈಪ್ರಸ್ ಮರ, ಹಸಿರು. ದಕ್ಷಿಣದ್ದು ಒಳ ಮಾನಿ: ಬೋಳು ಕಲ್ಲು, ಕಲ್ಲಿನದೇ ಗೋಪುರದಂಥ ಮನೆಗಳು.

ಬಸ್ಸು ಸಾಕಾಗುವುದು ಹೊರ ಮಾನಿಗೆ. ಅಥೆನ್ಸ್ ವಿಮಾನ ನಿಲ್ದಾಣದಿಂದ ಎಕ್ಸ್93 ಬಸ್ಸು ಹಿಡಿದು ಕಿಫಿಸೊಸ್ ಬಸ್‌ಸ್ಟ್ಯಾಂಡಿಗೆ ಬನ್ನಿ. ಅಲ್ಲಿಂದ ಮಾನಿಯ ಉತ್ತರಕ್ಕಿರುವ ಕಲಮಾಟ ನಗರಕ್ಕೆ ಸುಮಾರು 240 ಕಿ.ಮೀ., ಮೂರು ಗಂಟೆ ಚಿಲ್ಲರೆ. ಕಲಮಾಟದಲ್ಲಿ ಬಸ್ಸು ಬದಲಿಸಿದರೆ ಒಂದು ಗಂಟೆಯಲ್ಲಿ ಹೊರ ಮಾನಿಯ ಕಡಲ ದಂಡೆಯ ಊರು ಕರ್ದಮಿಲಿ. ಯುರೋಪಿನಲ್ಲೇ ಇರುವ ಕನ್ನಡಿಗರಿಗೆ ಬೇಸಿಗೆಯಲ್ಲಿ ಕೆಲವು ನಗರಗಳಿಂದ ಕಲಮಾಟಕ್ಕೇ ನೇರ ವಿಮಾನವಿರುತ್ತದೆ. ಅಥೆನ್ಸಿನ ಸುತ್ತು ತಪ್ಪುತ್ತದೆ. ಭಾನುವಾರ ಬಸ್ಸು ಕಡಿಮೆ, ಆ ದಿನ ಊರು ಬದಲಿಸುವ ಯೋಜನೆ ಹಾಕಬೇಡಿ.

ಕರ್ದಮಿಲಿಯಲ್ಲಿ ಮೂರು ರಾತ್ರಿ ಉಳಿದರೆ ದಿನಕ್ಕೊಂದು ಕೆಲಸವಿದೆ. ಹಳೇ ಊರಿನ ಗೋಪುರಗಳ ಹಿಂದಿನಿಂದ ಅಯಿಯಾ ಸೋಫಿಯಾ ಹಳ್ಳಿಗೆ ಹತ್ತಿ, ಪೆತ್ರೊವೂನಿ ಮೂಲಕ ಇಳಿದು ಬರಲು ಸುಮಾರು ಎರಡು ಗಂಟೆ. ದಾರಿ ಹೇಸರಗತ್ತೆಗಳಿಗಾಗಿ ಕಲ್ಲು ಹಾಸಿದ 'ಕಲ್ದೆರಿಮಿ'. (ಹೆಸರಲ್ಲೇ ನಮ್ಮ ಕಲ್ಲಿದೆ ಅನಿಸಿದರೂ ಪದ ತುರ್ಕಿಯಿಂದ ಬಂದದ್ದು.) ಶತಮಾನಗಳಿಂದ ಸವೆದ ಈ ಕಲ್ಲು ಇಳಿಯುವಾಗ ಜಾರುತ್ತದೆ, ಚಪ್ಪಲಿ ಬೇಡ. ಪಕ್ಕದ ವೀರೊಸ್ ಕಣಿವೆಯ ತಳದಲ್ಲಿ ಬರೀ ಬಿಳಿ ಗುಂಡುಕಲ್ಲು. ಕಾಲು ಉಳುಕುವುದು ಅಲ್ಲೇ. ರಿತ್ಸಾ ಕಡಲತೀರವೂ ನುಣುಪು ಕಲ್ಲಿನದೇ. ಮಕ್ಕಳಿಗೆ ಮರಳು ಬೇಕೆಂದರೆ 8 ಕಿ.ಮೀ. ಆಚೆಯ ಸ್ಟೂಪಕ್ಕೆ ಹೋಗಿ. ಅಲ್ಲಿ ಸಮುದ್ರದ ತಳದಿಂದ ಸಿಹಿನೀರಿನ ಬುಗ್ಗೆಗಳು ಏಳುತ್ತವೆ; ಬೆಚ್ಚಗಿನ ಉಪ್ಪುನೀರಿನಲ್ಲಿ ಈಜುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಬಾವಿನೀರಿನ ಚಳಿ ತಾಗುತ್ತದೆ.

ತೊಡಕು ಶುರುವಾಗುವುದು ಇಲ್ಲಿಂದ ದಕ್ಷಿಣಕ್ಕೆ. 'ಕೆಟೆಲ್' ಎಂಬ ಬಸ್ಸು ಸಂಸ್ಥೆ ಜಿಲ್ಲೆಗೊಂದು. ಕರ್ದಮಿಲಿ ಮೆಸ್ಸೀನಿಯಕ್ಕೆ ಸೇರಿದೆ, ಒಳ ಮಾನಿಯ ಮುಖ್ಯ ಊರಾದ ಅರೆಯೋಪೊಲಿ ಲಕೋನಿಯಕ್ಕೆ. ಗಡಿಯಾಚೆಯ ಇತಿಲೊದಲ್ಲಿ ಒಂದರ ಬಸ್ಸು ಇಳಿದು ಇನ್ನೊಂದರದು ಹತ್ತಬೇಕು, ಎರಡರ ವೇಳೆ ಹೊಂದುವುದಿಲ್ಲ ಎಂದುಕೊಂಡೇ ಹೊರಡುವುದು ಕ್ಷೇಮ. ಅರೆಯೋಪೊಲಿಯಿಂದ ಕೆಳಗಂತೂ ಬಸ್ಸನ್ನು ನಂಬಿ ದಿನ ಕಳೆಯಲಾಗದು. ಹಾಗಾಗಿ ಹೊರ ಮಾನಿಯನ್ನು ಬಸ್ಸಿನಲ್ಲಿ ಮುಗಿಸಿ, ಒಳ ಮಾನಿಗೆಂದು ಕಲಮಾಟದಲ್ಲಿ ಎರಡು ಮೂರು ದಿನಕ್ಕೆ ಬಾಡಿಗೆ ಕಾರು ಹಿಡಿಯುವುದೇ ಜಾಣತನ.

ನಮ್ಮ ಡಿಎಲ್ ಒಂದೇ ಸಾಲದು, ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. ಆರ್‌ಟಿಒದಲ್ಲಿ ಫಾರ್ಮ್ 4ಎ, ಶುಲ್ಕ 1,000 ರೂಪಾಯಿ, ಒಂದು ವರ್ಷ ಚಾಲ್ತಿ. ಮೊದಲು ಇದಕ್ಕೆ ವೀಸಾ ಪ್ರತಿಯನ್ನೂ ಕೇಳುತ್ತಿದ್ದರು, 2021ರಲ್ಲಿ ಆ ನಿಯಮ ತೆಗೆದುಹಾಕಿದರು. ಗೇರ್ ಹಾಕಲು ಬಲಗೈ ಒಗ್ಗದವರು ಆಟೊಮ್ಯಾಟಿಕ್ ಕಾರನ್ನು ಮೊದಲೇ ಹೇಳಿಡಿ, ಅವು ಕಡಿಮೆ.

ರಸ್ತೆಯ ಬಲಬದಿಯಲ್ಲಿ ಓಡಿಸುವುದು ಅರ್ಧ ದಿನದಲ್ಲಿ ಅಭ್ಯಾಸವಾಗುತ್ತದೆ. ಎಡವಟ್ಟಾಗುವುದು ಬೇರೆ ಕಡೆ. ಬಲಗಡೆ ಸೀಟಿನಲ್ಲಿ ಕೂತು ಕಲಿತ ನಮಗೆ ಎಡ ಸೀಟಿನಲ್ಲಿ ಕೂತಾಗ ಬಲಗಡೆ ಕಾರು ಎಷ್ಟಿದೆ ಎಂಬ ಅಂದಾಜೇ ಇರುವುದಿಲ್ಲ. ಗೊತ್ತಿಲ್ಲದೆ ಬಲಕ್ಕೆ ಸರಿಯುತ್ತಾ ಹೋಗುತ್ತೇವೆ. ಹಳ್ಳಿಯ ಓಣಿಯಲ್ಲಿ ಕಲ್ಲುಗೋಡೆಗೆ ಉಜ್ಜುವುದು ಬಲಗನ್ನಡಿ, ಬಲ ಟೈರು. 'ಫುಲ್ ಇನ್ಶೂರೆನ್ಸ್' ಎಂದು ಮಾರಿದ್ದರಲ್ಲೂ ಟೈರು, ಕನ್ನಡಿ, ಗಾಡಿಯ ತಳ ಸೇರದೇ ಇರುವುದು ಸಾಮಾನ್ಯ. ಕಾರು ಪಡೆಯುವಾಗ ನಾಲ್ಕೂ ಚಕ್ರದ ಫೋಟೊ ತೆಗೆದಿಡಿ. ಮೊಬೈಲ್ ಮ್ಯಾಪು ಎರಡು ನಿಮಿಷ ಉಳಿಸಲು ಊರೊಳಗಿನ ಸಂದಿಗೆ ತಿರುಗಿಸಿದರೆ ಕೇಳಬೇಡಿ, ಮುಖ್ಯ ರಸ್ತೆಯಲ್ಲೇ ಇರಿ.

ಇನ್ನೊಂದು ಅಪಾಯ ಬಂಕಿನಲ್ಲಿದೆ. ಗ್ರೀಕಿನಲ್ಲಿ 'ಪೆತ್ರೆಲೆಯೊ' ಎಂದರೆ ಡೀಸೆಲ್! ಬಂಕಿನ ಹುಡುಗನಿಗೆ ನಾವು ಅಭ್ಯಾಸಬಲದಿಂದ "ಪೆಟ್ರೋಲ್" ಎಂದರೆ ಅವನು ಡೀಸೆಲ್ ಪೈಪಿಗೆ ಕೈಹಾಕಬಹುದು. ಪೆಟ್ರೋಲಿಗೆ 'ವೆನ್ಜಿನಿ' ಅಥವಾ 'ಅಮೊಲಿವ್ದಿ' ಎನ್ನಿ, ಮುಚ್ಚಳದ ಮೇಲಿನ ಚೀಟಿಯನ್ನೂ ತೋರಿಸಿ.

ತಿಂಗಳು ಯಾವುದು? ನಡಿಗೆಗೆ ಮೇ, ಕಾಡುಹೂವು ಇನ್ನೂ ಇರುತ್ತವೆ, ಆದರೆ ನೀರು ತಣ್ಣಗೆ. ಈಜಿಗೆ ಸೆಪ್ಟೆಂಬರ್. ಆಗಸ್ಟ್ 15 ಮೇರಿ ಮಾತೆಯ ದೊಡ್ಡ ಹಬ್ಬ. ಅದರ ಹಿಂದೆಮುಂದೆ ಅಥೆನ್ಸಿಗರೆಲ್ಲ ಊರಿಗೆ ಬಂದಿರುತ್ತಾರೆ, ರೂಮು ಸಿಗದು.

ಅರೆಯೋಪೊಲಿಯಲ್ಲಿ ಮೂರು ಕೆಲಸ ಮುಗಿಸಿಕೊಳ್ಳಿ: ಟ್ಯಾಂಕು ತುಂಬಿಸಿ, ಎಟಿಎಮ್ಮಿನಿಂದ ನಗದು ತೆಗೆಯಿರಿ, ಊಟ ಮಾಡಿ. ಸಸ್ಯಾಹಾರಿಗಳು 'ನಿಸ್ತೀಸಿಮೊ' ಎಂಬ ಪದ ಕಲಿತಿರಬೇಕು. ಅದು ಚರ್ಚಿನ ಉಪವಾಸದ ಅಡುಗೆ. ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಆದರೆ ಸಿಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತದೆ, ಆದ್ದರಿಂದ ಅದನ್ನೂ ಬೇರೆಯಾಗಿ ಕೇಳಬೇಕು. ಅಕ್ಕಿ ತುಂಬಿದ ಟೊಮೆಟೊ, ದೊಣ್ಣೆಮೆಣಸು ಬೇಕಿದ್ದರೆ 'ಗೆಮಿಸ್ತಾ ಓರ್ಫನಾ' ಎನ್ನಿ. ಖೀಮಾ ಇಲ್ಲದ್ದನ್ನು ಅವರು ಕರೆಯುವುದು 'ಅನಾಥ' ಎಂದು. ಸಿಗ್ಲಿನೊ ಇಲ್ಲಿನ ಹೊಗೆಯಾಡಿಸಿದ ಹಂದಿಮಾಂಸ, ಆಮ್ಲೆಟ್ಟಿಗೂ ಬೀಳುತ್ತದೆ, ಎಚ್ಚರ. ಲಲಾಂಗಿಯಾ ಮಾತ್ರ ಎಲ್ಲರಿಗೂ ಆಗುತ್ತದೆ: ಹಿಟ್ಟನ್ನು ಹೊಸೆದು ಆಲಿವ್ ಎಣ್ಣೆಯಲ್ಲಿ ಕರಿದದ್ದು, ನಮ್ಮ ಕೋಡುಬಳೆಯ ದೂರದ ನೆಂಟ.

ಅಲ್ಲಿಂದ ಗೆರೊಲಿಮೆನಾಸ್, ನಂತರ ಗುಡ್ಡದ ತುದಿಯ ವಾಥಿಯ. ಮನೆತನಗಳ ನಡುವಿನ ಹಗೆಗಾಗಿ ಕಟ್ಟಿದ ಗೋಪುರಗಳಿವು. ಕಿಟಕಿಗಳು ಬಂದೂಕಿನ ನಳಿಗೆಗೆ ಸಾಕಾಗುವಷ್ಟೇ. ಬಹುಪಾಲು ಖಾಲಿ, ಮಹಡಿಯ ಮರ ಕೊಳೆತಿದೆ. ಹೊರಗಿನಿಂದ ನೋಡಿ, ಒಳಗೆ ಹತ್ತಬೇಡಿ.

ರಸ್ತೆ ಮುಗಿಯುವುದು ಟೇನಾರೊ ಭೂಶಿರದ ಬಳಿ. ಗ್ರೀಸಿನ ಮುಖ್ಯಭೂಮಿಯ ದಕ್ಷಿಣದ ತುದಿ ಅದು, ಪುರಾಣದ ಪ್ರಕಾರ ಪಾತಾಳದ ಬಾಗಿಲು. ಕಾರು ನಿಲ್ಲಿಸಿ ದೀಪಸ್ತಂಭಕ್ಕೆ ಸುಮಾರು 2 ಕಿ.ಮೀ. ನಡಿಗೆ, ನಲವತ್ತು ನಿಮಿಷ. ದಾರಿಯಲ್ಲಿ ಒಂದು ಮರದ ನೆರಳೂ ಇಲ್ಲ, ನೀರೂ ಇಲ್ಲ. ತಲಾ ಒಂದೂವರೆ ಲೀಟರ್ ನೀರು ಹೊತ್ತುಕೊಳ್ಳಿ. ಶುರುವಿನಲ್ಲೇ ರೋಮನ್ ಕಾಲದ ಮೊಸಾಯಿಕ್ ನೆಲ ಬಯಲಲ್ಲೇ ಬಿದ್ದಿದೆ, ಮೇಲೆ ಕಾಲಿಡಬೇಡಿ. ಸಂಜೆ ಹೋಗುವುದು ಚೆಂದ, ಆದರೆ ವಾಪಸು ನಡೆಯಲು ಮುಕ್ಕಾಲು ಗಂಟೆ ಬೆಳಕು ಉಳಿದಿರುವಾಗಲೇ ತಿರುಗಿ. ಕತ್ತಲಾದ ಮೇಲೆ ರಸ್ತೆಯ ತಿರುವಿನಲ್ಲಿ ಮೇಕೆಗಳು ಮಲಗಿರುತ್ತವೆ.