ಸಣ್ಣ ಸಿನಿಮಾ ಕ್ಯಾಮೆರಾ: ಮೊದಲು ಲೆನ್ಸ್, ಆಮೇಲೆ ಮಿಕ್ಕಿದ್ದು

ನಾನು ಕ್ಯಾಮೆರಾ ವಿಭಾಗದಲ್ಲಿ ಫೋಕಸ್ ಪುಲ್ಲರ್, ಶಾಟ್ ನಡೆಯುವಾಗ ಫೋಕಸ್ ಹಿಡಿದಿಡುವುದು ನನ್ನ ಕೆಲಸ. ನನ್ನ ಕೈಗೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಸಣ್ಣ ಸಿನಿಮಾ ಕ್ಯಾಮೆರಾಗಳದ್ದೇ, ಅದರಲ್ಲೂ ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ ಸಾಲಿನವು. ಹೊಸಬರು ಬಂದು ಕೇಳುವುದು ಯಾವ ಬಾಡಿ ತಗೊಳ್ಳಲಿ ಅಂತ. ಯಾವ ಲೆನ್ಸ್ ಹಾಕುತ್ತೀರಿ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ, ಕೇಜ್ (ಬಾಡಿಯ ಸುತ್ತ ಕೂರುವ ಲೋಹದ ಚೌಕಟ್ಟು), ರಾಡ್ (ಸಲಕರಣೆ ಹಿಡಿಯುವ ಸರಳು), ಬ್ಯಾಟರಿ, ಫಿಲ್ಟರ್ ಎಲ್ಲಾ ಅದು ಕೇಳಿದ ಹಾಗೆ ಬರಲಿ, ಅಂತ ಹೇಳುತ್ತೇನೆ. ಕೆಲಸ ಕಲಿಸಿದ ಪಾಠ ಇದು.

ಯಾಕೆ ಅಂದರೆ ಒಂದೇ ಲೆನ್ಸ್ ಬೇರೆ ಬೇರೆ ಬಾಡಿಯಲ್ಲಿ ಬೇರೆ ಬೇರೆ ಚಿತ್ರ ಕೊಡುತ್ತದೆ. 2013ರ ಮೊದಲ ಪಾಕೆಟ್‌ನ ಸೆನ್ಸರ್ ಸೂಪರ್ 16 ಫಿಲ್ಮ್‌ನ ಅಳತೆಯದು, ಅಗಲ ಬರೀ 12.48 ಮಿ.ಮೀ. 2018ರ ಪಾಕೆಟ್ 4ಕೆಯದು 18.96, 2019ರ 6ಕೆಯದು 23.1 ಮಿ.ಮೀ. ಒಂದು 25 ಮಿ.ಮೀ. ಲೆನ್ಸ್ ಹಾಕಿ ನೋಡಿ. ಫುಲ್ ಫ್ರೇಮ್ (36 ಮಿ.ಮೀ. ಅಗಲದ ಸೆನ್ಸರ್) ಲೆಕ್ಕದಲ್ಲಿ ಮೊದಲನೆಯದರಲ್ಲಿ ಅದು 72ರ ಹಾಗೆ ಕಾಣುತ್ತದೆ, 4ಕೆಯಲ್ಲಿ ಸುಮಾರು 47, 6ಕೆಯಲ್ಲಿ 39. ಸಣ್ಣ ಕೋಣೆಯಲ್ಲಿ ಗೋಡೆಗೆ ಬೆನ್ನು ಒತ್ತಿಕೊಂಡು ಶಾಟ್ ತೆಗೆಯಬೇಕಾದಾಗ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಲೆನ್ಸ್ ಅಂದ ಕೂಡಲೇ ಎಲ್ಲರೂ ಶಾರ್ಪ್‌ನೆಸ್ ಮಾತಾಡುತ್ತಾರೆ. ನಾನು ಮೊದಲು ನೋಡುವುದು ಫೋಕಸ್ ರಿಂಗನ್ನು. ಎರಡೂ ತುದಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದಾ, ಇಲ್ಲ ಸುತ್ತುತ್ತಲೇ ಇರುತ್ತದಾ? ಸುತ್ತುತ್ತಲೇ ಇರುವ ಎಷ್ಟೋ ಸ್ಟಿಲ್ ಲೆನ್ಸ್‌ಗಳಲ್ಲಿ ರಿಂಗ್‌ಗೂ ಒಳಗಿನ ಗಾಜಿಗೂ ನೇರ ಸಂಬಂಧ ಇರುವುದಿಲ್ಲ. ರಿಂಗ್ ಸಿಗ್ನಲ್ ಕೊಡುತ್ತದೆ, ಮೋಟಾರ್ ಗಾಜನ್ನು ಸರಿಸುತ್ತದೆ. ಅಂಥ ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ ಬೇಗ ತಿರುಗಿಸಿದರೆ ಫೋಕಸ್ ಜಾಸ್ತಿ ಸರಿಯುತ್ತದೆ, ನಿಧಾನ ತಿರುಗಿಸಿದರೆ ಕಮ್ಮಿ. ನಟ ಬಾಗಿಲಿಂದ ಮೇಜಿನ ತನಕ ನಡೆದು ಬರುವ ಶಾಟ್ ಅಂದುಕೊಳ್ಳಿ. ರಿಹರ್ಸಲ್‌ನಲ್ಲಿ ಎರಡು ಮಾರ್ಕ್ ಹಾಕಿಕೊಂಡಿರುತ್ತೇನೆ. ಟೇಕ್‌ನಲ್ಲಿ ಆತ ಸ್ವಲ್ಪ ಬೇಗ ಹೆಜ್ಜೆ ಹಾಕಿದರೆ ಸಾಕು, ನನ್ನ ಕೈಯೂ ಬೇಗ ತಿರುಗುತ್ತದೆ, ರಿಂಗ್ ಸರಿಯಾಗಿ ಎರಡನೇ ಮಾರ್ಕ್‌ಗೇ ಬಂದು ನಿಂತಿದ್ದರೂ ಫೋಕಸ್ ಮಾತ್ರ ಆತನ ಕಣ್ಣು ಬಿಟ್ಟು ಮುಂದಿನ ಮೇಜಿನ ಅಂಚಿಗೆ ಬಂದಿರುತ್ತದೆ. ಕೆಲವು ಲೆನ್ಸ್‌ಗಳಲ್ಲಿ ಇದನ್ನು ಲೀನಿಯರ್, ಅಂದರೆ ವೇಗ ಎಷ್ಟಿದ್ದರೂ ತಿರುಗಿಸಿದಷ್ಟೇ ಸರಿಯುವ ಹಾಗೆ, ಮಾಡಿಕೊಳ್ಳುವ ಸೌಲಭ್ಯ ಇದೆ. ಇದ್ದರೆ ಖಂಡಿತ ಬಳಸಿ.

ಕೈಯಲ್ಲೇ ಫೋಕಸ್ ಮಾಡುವ ಹಳೇ ಸ್ಟಿಲ್ ಲೆನ್ಸ್‌ಗಳು ಈ ವಿಷಯದಲ್ಲಿ ಎಷ್ಟೋ ವಾಸಿ. ಅವುಗಳ ಕೊರತೆ ಬೇರೆ. ರಿಂಗ್ ತಿರುಗುವ ದೂರ ಕಮ್ಮಿ, ಹಾಗಾಗಿ ಒಂದು ಕೂದಲೆಳೆ ಅಲ್ಲಾಡಿದರೂ ಕಣ್ಣಿಂದ ಕಿವಿಗೆ ಫೋಕಸ್ ಹೋಗುತ್ತದೆ. ಸಿನಿಮಾ ಲೆನ್ಸ್‌ನಲ್ಲಿ ರಿಂಗ್ 270, 300 ಡಿಗ್ರಿ ಕೂಡ ತಿರುಗುತ್ತದೆ. ಒಂದೇ ಸೆಟ್‌ನ ಲೆನ್ಸ್‌ಗಳಾದರೆ ಮುಂಭಾಗದ ವ್ಯಾಸವೂ ಗೇರ್ ಇರುವ ಜಾಗವೂ ಬಹುತೇಕ ಒಂದೇ ಇರುತ್ತವೆ. 35 ತೆಗೆದು 50 ಹಾಕಿದಾಗ ಮ್ಯಾಟ್ ಬಾಕ್ಸ್ (ಲೆನ್ಸ್ ಮುಂದೆ ಫಿಲ್ಟರ್ ಹಿಡಿಯುವ ಪೆಟ್ಟಿಗೆ), ಫಾಲೋ ಫೋಕಸ್ (ಹಲ್ಲಿನ ಚಕ್ರದಿಂದ ಫೋಕಸ್ ರಿಂಗ್ ತಿರುಗಿಸುವ ಸಾಧನ) ಯಾವುದನ್ನೂ ಅಲುಗಾಡಿಸಬೇಕಿಲ್ಲ. ದಿನದ ಕೊನೆಗೆ ಇದರಿಂದ ಉಳಿಯುವ ಸಮಯ ತುಂಬಾ ದೊಡ್ಡದು. ಸ್ಟಿಲ್ ಲೆನ್ಸ್ ಇದ್ದರೆ 0.8 ಮಾಡ್ಯೂಲ್ ಗೇರ್ ರಿಂಗ್ ಹಾಕಿಸಿ. ಫಾಲೋ ಫೋಕಸ್‌ಗಳ ಹಲ್ಲು ಸಾಮಾನ್ಯವಾಗಿ ಆ ಅಳತೆಗೇ ಇರುತ್ತದೆ.

ಇನ್ನು ಅಡಾಪ್ಟರ್, ಅಂದರೆ ಒಂದು ಮೌಂಟಿನ (ಲೆನ್ಸ್ ಕೂರುವ ಬಾಯಿಯ) ಲೆನ್ಸನ್ನು ಬೇರೆ ಮೌಂಟಿನ ಬಾಡಿಗೆ ಕೂರಿಸುವ ಭಾಗ. ಸುಮ್ನೆ ಒಂದು ಉಂಗುರ ಅಂತ ತಿಳಿದು ಸಿಕ್ಕಿದ್ದನ್ನು ತರುತ್ತಾರೆ. ಪಾಕೆಟ್ 4ಕೆಯ ಎಂಎಫ್‌ಟಿ (ಮೈಕ್ರೋ ಫೋರ್ ಥರ್ಡ್ಸ್) ಮೌಂಟಿನಿಂದ ಸೆನ್ಸರ್‌ಗೆ 19.25 ಮಿ.ಮೀ. ದೂರ. ಕ್ಯಾನನ್ ಇಎಫ್ ಲೆನ್ಸ್‌ಗೆ ಬೇಕಿರುವುದು 44, ನಿಕಾನ್ ಎಫ್‌ಗೆ 46.5, ಸಿನಿಮಾ ಲೆನ್ಸ್‌ಗಳ ಪಿಎಲ್‌ಗೆ 52. ಬಾಡಿ ಇಷ್ಟು ತೆಳ್ಳಗಿರುವುದರಿಂದಲೇ ಇವೆಲ್ಲ ಇದಕ್ಕೆ ಕೂರುತ್ತವೆ. ಇಎಫ್ ಮೌಂಟಿನ 6ಕೆಯಲ್ಲಿ ಪಿಎಲ್ ಲೆನ್ಸ್ ಕೂರಿಸಲು ನಡುವೆ 8 ಮಿ.ಮೀ. ಮಾತ್ರ ಜಾಗ. ಈ ಅಳತೆ ಕೂದಲಷ್ಟೂ ತಪ್ಪಬಾರದು. ಅಡಾಪ್ಟರ್ ಇರಬೇಕಾದ್ದಕ್ಕಿಂತ 0.05 ಮಿ.ಮೀ. ಜಾಸ್ತಿ ದಪ್ಪ ಆಯಿತು ಅಂದುಕೊಳ್ಳಿ. ಇನ್ಫಿನಿಟಿ ಮಾರ್ಕ್‌ನಲ್ಲಿ ನಿಲ್ಲುವ 85 ಮಿ.ಮೀ. ಲೆನ್ಸ್ 140 ಮೀಟರಿನ ಆಚೆಗೆ ಫೋಕಸ್ ಆಗುವುದಿಲ್ಲ, ಅದು ಯಾರ ಗಮನಕ್ಕೂ ಬರುವುದಿಲ್ಲ. ಅದೇ ಅಡಾಪ್ಟರಿನಲ್ಲಿ 18 ಮಿ.ಮೀ. ಲೆನ್ಸ್ ಸುಮಾರು ಆರೂವರೆ ಮೀಟರಿಗೇ ನಿಂತುಬಿಡುತ್ತದೆ! ವೈಡ್ ಶಾಟ್‌ನಲ್ಲಿ ಹಿಂದಿನ ಬೆಟ್ಟ ಮರ ಎಲ್ಲಾ ಮಸುಕು. ಚಿಕ್ಕ ಮಾನಿಟರಿನಲ್ಲಿ ಇದು ಕಾಣುವುದೇ ಇಲ್ಲ, ದೊಡ್ಡ ತೆರೆಯಲ್ಲಿ ಕಾಣುತ್ತದೆ.

ನಾನು ಶೂಟಿಂಗ್ ಹಿಂದಿನ ದಿನ ಮಾಡುವ ಪರೀಕ್ಷೆ ಸುಲಭದ್ದು. ಫೋಕಸ್ ಹಿಡಿದಿಟ್ಟುಕೊಳ್ಳುವ ಪಾರ್‌ಫೋಕಲ್ ಸಿನಿಮಾ ಝೂಮ್ ಒಂದನ್ನು ಅದೇ ಅಡಾಪ್ಟರಿಗೆ ಹಾಕಿ, ದ್ಯುತಿರಂಧ್ರ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಪೂರ್ತಿ ತೆರೆದು, ಟೆಲಿ ತುದಿಯಲ್ಲಿ ಚಾರ್ಟ್ ಮೇಲೆ ಫೋಕಸ್ ಮಾಡಿ, ಆಮೇಲೆ ರಿಂಗ್ ಮುಟ್ಟದೆ ವೈಡ್‌ಗೆ ಎಳೆಯುತ್ತೇನೆ. ಚಿತ್ರ ಮಸುಕಾದರೆ ಅಳತೆ ತಪ್ಪಿದೆ ಅಂತ ಅರ್ಥ. ಒಳ್ಳೆಯ ಅಡಾಪ್ಟರುಗಳ ಜೊತೆ ಶಿಮ್ ಅನ್ನುವ ತೆಳ್ಳನೆ ಹಾಳೆಗಳು ಬರುತ್ತವೆ, ಅವನ್ನು ಹಾಕಿ ತೆಗೆದು ಸರಿ ಮಾಡಬಹುದು. ಅಡಾಪ್ಟರ್ ಹಾಕಿದ ಮೇಲೆ ಲೆನ್ಸನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಆಟ ಇದ್ದರೆ ಪ್ರತಿ ಸಲ ಫೋಕಸ್ ಎಳೆದಾಗಲೂ ಫ್ರೇಮ್ ಪಕ್ಕಕ್ಕೆ ಜರುಗುತ್ತದೆ. ಒಂದು ಕೆಜಿ ದಾಟಿದ ಲೆನ್ಸ್‌ಗೆ ಕೆಳಗಿಂದ ಸಪೋರ್ಟ್ ಕೊಡಲೇಬೇಕು. ಸುಮಾರು 700 ಗ್ರಾಂ ಬಾಡಿಯ ಮೌಂಟ್ ಮೇಲೆ ಅಷ್ಟು ಭಾರ ತೂಗುಬಿಡುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಸ್ಪೀಡ್ ಬೂಸ್ಟರ್ ಕೂಡ ಅಡಾಪ್ಟರೇ, ಆದರೆ ಬೇರೆ ಜಾತಿ, ಅದರೊಳಗೆ ಗಾಜು ಇದೆ. 0.71 ಪಟ್ಟಿನದ್ದು ಹಾಕಿದರೆ 50 ಮಿ.ಮೀ. ಎಫ್ 1.4 ಲೆನ್ಸ್ ಸುಮಾರು 35 ಮಿ.ಮೀ. ಎಫ್ 1 ಆಗುತ್ತದೆ. ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು, ಬೆಳಕು ಸಿಗುತ್ತದೆ, ನೋಟವೂ ಅಗಲ ಆಗುತ್ತದೆ. 4ಕೆ ಬಾಡಿಗೆ ಇದು ನನ್ನ ಮೆಚ್ಚಿನ ವಸ್ತು.

ಲೆನ್ಸ್ ಆದ ಮೇಲೆ ಕೈ ಹೋಗಬೇಕಿರುವುದು ಎನ್‌ಡಿ ಫಿಲ್ಟರ್ ಕಡೆ, ಅಂದರೆ ಒಳಗೆ ಬರುವ ಬೆಳಕು ಕಮ್ಮಿ ಮಾಡುವ ಗಾಜಿನ ಕಡೆ. ಸಿನಿಮಾದಲ್ಲಿ ಶಟರ್ ಬೇಕಾದ ಹಾಗೆ ಏರಿಸುವಂತಿಲ್ಲ, ಅಲ್ವಾ? ಸೆಕೆಂಡಿಗೆ 24 ಫ್ರೇಮ್‌ಗೆ 180 ಡಿಗ್ರಿ ಶಟರ್ (ಪ್ರತಿ ಫ್ರೇಮಿನ ಅರ್ಧ ಹೊತ್ತು ತೆರೆದಿರುವುದು) ಅಂದರೆ ಸೆಕೆಂಡಿನ 48ನೇ ಒಂದು ಭಾಗ. ಸುಡುಬಿಸಿಲಿನಲ್ಲಿ ಐಎಸ್‌ಒ 400 ಇಟ್ಟು ಎಫ್ 2.8ರಲ್ಲಿ ಶೂಟ್ ಮಾಡಲು ಸುಮಾರು 8 ಸ್ಟಾಪ್ ಬೆಳಕು ಕಡಿಯಬೇಕು. ಮೂರು ಸ್ಟಾಪ್ ಶಟರ್ ಲೆಕ್ಕದಲ್ಲಿ, ಐದು ಸ್ಟಾಪ್ ದ್ಯುತಿರಂಧ್ರದ ಲೆಕ್ಕದಲ್ಲಿ. ಇಷ್ಟು ದಟ್ಟ ಫಿಲ್ಟರ್ ಹಾಕಿದಾಗಲೇ ಇನ್ನೊಂದು ತೊಂದರೆ ತಲೆ ಹಾಕುತ್ತದೆ. ಸಾಮಾನ್ಯ ಎನ್‌ಡಿ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ, ಇನ್‌ಫ್ರಾರೆಡ್ ಮಾತ್ರ ನುಸುಳಿ ಸೆನ್ಸರಿಗೆ ಬೀಳುತ್ತದೆ. ನಟ ಹಾಕಿರುವ ಕಪ್ಪು ಕೋಟು ಮಾನಿಟರಿನಲ್ಲಿ ಕಂದುಗೆಂಪು ಕಾಣುತ್ತದೆ, ಪಕ್ಕದಲ್ಲೇ ಬೇರೆ ಬಟ್ಟೆಯ ಕಪ್ಪು ಪ್ಯಾಂಟು ಕಪ್ಪಾಗೇ ಇರುತ್ತದೆ. ಕೆಲವು ಸಿಂಥೆಟಿಕ್ ಬಟ್ಟೆ, ಕೆಲವು ಬಣ್ಣ ಇನ್‌ಫ್ರಾರೆಡ್ಡನ್ನು ಜಾಸ್ತಿ ಪ್ರತಿಫಲಿಸುವುದೇ ಕಾರಣ. ಆಮೇಲೆ ಗ್ರೇಡಿಂಗ್‌ನಲ್ಲಿ (ಬಣ್ಣ ತಿದ್ದುವ ಹಂತದಲ್ಲಿ) ಕೋಟು ಸರಿ ಮಾಡಲು ಹೋದರೆ ಚರ್ಮದ ಬಣ್ಣ ಕೆಡುತ್ತದೆ. ಅದಕ್ಕೇ ದಟ್ಟ ಫಿಲ್ಟರ್ ಬೇಕಾದಾಗ ಇನ್‌ಫ್ರಾರೆಡ್ (ಐಆರ್) ಕೂಡ ತಡೆಯುವ ಎನ್‌ಡಿಯನ್ನೇ ತನ್ನಿ. 2021ರ 6ಕೆ ಪ್ರೊ ಒಳಗೆ 2, 4, 6 ಸ್ಟಾಪ್‌ನವು ಕೂತೇ ಬಂದಿವೆ, ಐಆರ್ ಕೂಡ ತಡೆಯುತ್ತವೆ. ವೇರಿಯಬಲ್ ಎನ್‌ಡಿ ಓಡಾಟದ ಕೆಲಸಕ್ಕೆ ಸಲೀಸು. ಆದರೆ ಅದು ಎರಡು ಪೋಲರೈಸರ್ ಸೇರಿಸಿ ಮಾಡಿದ್ದು, ವೈಡ್ ಲೆನ್ಸಿನಲ್ಲಿ ಕೊನೆಯ ತನಕ ತಿರುಗಿಸಿದರೆ ಚಿತ್ರದ ಮೇಲೆ ಗುಣಿಸು ಚಿಹ್ನೆಯ ಹಾಗೆ ಕಪ್ಪು ಪಟ್ಟೆ ಬರುತ್ತದೆ.

ಕೇಜ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಡಿಯನ್ನು ಬಿಗಿಯಾಗಿ ಹಿಡಿಯಬೇಕು, ಎಚ್‌ಡಿಎಂಐ ಕೇಬಲ್‌ಗೆ ಕ್ಲ್ಯಾಂಪ್ ಇರಬೇಕು, ಕೆಳಗೆ 15 ಮಿ.ಮೀ. ರಾಡ್ ಕೂರಬೇಕು, ಸಾಕು. ಮೇಲೆ ಹಿಡಿ, ಪಕ್ಕದಲ್ಲಿ ಹಿಡಿ, ಎರಡೆರಡು ಆರ್ಮ್ ಅಂತ ಪೇರಿಸಿದರೆ ಸಣ್ಣ ಕ್ಯಾಮೆರಾ ತಂದ ಉದ್ದೇಶವೇ ಹೋಯಿತು.

ಕರೆಂಟಿನ ಲೆಕ್ಕ ಮಾತ್ರ ಮೊದಲೇ ಹಾಕಿ. 4ಕೆಯ ಒಳಗೆ ಕೂರುವ ಎಲ್‌ಪಿ-ಇ6 ಬ್ಯಾಟರಿ ಒಂದು ಗಂಟೆಯೂ ಬಾಳುವುದಿಲ್ಲ. ಬಾಡಿ ಸುಮಾರು 20 ವ್ಯಾಟ್, ಮಾನಿಟರ್ 10, ಫೋಕಸ್ ಮೋಟಾರ್ ಮತ್ತೊಂದಿಷ್ಟು ಅಂದುಕೊಂಡರೆ 98 ವ್ಯಾಟ್-ಅವರ್‌ನ ವಿ-ಮೌಂಟ್ ಬ್ಯಾಟರಿ (ಹೊರಗೆ ಸಿಕ್ಕಿಸುವ ದೊಡ್ಡ ಬ್ಯಾಟರಿ) ಎರಡೂವರೆ, ಮೂರು ಗಂಟೆ ಬರುತ್ತದೆ. 100 ವ್ಯಾಟ್-ಅವರ್ ದಾಟದ ಬ್ಯಾಟರಿಯಾದರೆ ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಸಾಮಾನ್ಯವಾಗಿ ವಿಶೇಷ ಅನುಮತಿ ಬೇಕಿಲ್ಲ. ಆ ಬ್ಯಾಟರಿಯ ಡಿ-ಟ್ಯಾಪ್‌ನಿಂದ (ಬೇರೆ ಸಾಧನಕ್ಕೆ ಕರೆಂಟ್ ಕೊಡುವ ಕಿಂಡಿಯಿಂದ) ಮಾನಿಟರಿಗೂ ಕರೆಂಟ್ ಕೊಡುವಾಗ ಒಂದು ಕ್ರಮ ಇದೆ. ಮೊದಲು ಪವರ್ ಕೇಬಲ್, ಆಮೇಲೆ ವಿಡಿಯೊ ಕೇಬಲ್. ಬಿಚ್ಚುವಾಗ ಮೊದಲು ವಿಡಿಯೊ ಕೇಬಲ್, ಕೊನೆಗೆ ಪವರ್. ತಿರುಗುಮುರುಗಾದರೆ ಕರೆಂಟ್ ವಿಡಿಯೊ ಕೇಬಲ್ ಮೂಲಕವೇ ಹರಿದು ಕ್ಯಾಮೆರಾದ ಪೋರ್ಟ್ ಸುಟ್ಟುಹೋಗಬಹುದು. ನನ್ನ ಜೊತೆ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಲೆನ್ಸ್ ಮುಟ್ಟಲು ಬಿಡುವ ಮೊದಲೇ ಈ ಕ್ರಮವನ್ನು ಬಾಯಿಪಾಠ ಮಾಡಿಸುತ್ತೇನೆ.